ಪಿ.ಎಂ.ಪಿ. ಪರೀಕ್ಷೆಗೆ ಸಿದ್ಧತೆ: ಸಣ್ಣ ಉದ್ದಿಮೆದಾರರು ಅರಿತಿರಬೇಕಾದ ಅಂಶಗಳು

ದೊಡ್ಡ ಸಂಸ್ಥೆಗಳೂ ಸರ್ಕಾರಿ ಇಲಾಖೆಗಳೂ ಹೊರಡಿಸುವ ಕೆಲವು ಟೆಂಡರುಗಳಲ್ಲಿ, ಕೆಲಸದ ಮೇಲ್ವಿಚಾರಣೆಗೆ ಪಿ.ಎಂ.ಪಿ. ಪ್ರಮಾಣಪತ್ರ ಪಡೆದವರೊಬ್ಬರು ಇರತಕ್ಕದ್ದು ಎಂಬ ಷರತ್ತು ಕಾಣಸಿಗುತ್ತದೆ. ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ಈ ಮೂರಕ್ಷರಗಳು ಹಳೆಯ ಪರಿಚಯ. ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆಯಂತಹ ಕಡೆಗಳಲ್ಲಿನ ಸಣ್ಣ ಘಟಕಗಳಲ್ಲಿ ಮಾತ್ರ ಇದರ ಬಗೆಗೆ ತಿಳಿವಳಿಕೆ ಕಡಿಮೆ. ಮಗನೋ, ಸೊಸೆಯೋ, ಹತ್ತು ವರ್ಷ ದುಡಿದ ನಂಬಿಕಸ್ಥ ಇಂಜಿನಿಯರೋ ಬಂದು ಪರೀಕ್ಷೆಯ ಶುಲ್ಕ ಕೇಳಿದಾಗ ಮಾಲೀಕರಲ್ಲಿ ಏಳುವ ಪ್ರಶ್ನೆ ಸಹಜವಾದುದೇ: ಇದರಿಂದ ಕಾರ್ಖಾನೆಗೆ ದೊರೆಯುವುದೇನು?

ಗೋಡೆಗೆ ತೂಗುಹಾಕುವ ಪ್ರಮಾಣಪತ್ರ ಮಾತ್ರವೇ ಉದ್ದೇಶವಾದರೆ ದೊರೆಯುವುದು ಅಲ್ಪ. ಸಿದ್ಧತೆಯ ಮೂರು ನಾಲ್ಕು ತಿಂಗಳುಗಳನ್ನು ಘಟಕದ ಒಂದು ನಿಜವಾದ ಕೆಲಸದೊಡನೆ ಜೋಡಿಸಿದರೆ ದೊರೆಯುವುದು ಹೆಚ್ಚು. ಪರೀಕ್ಷೆಯಲ್ಲಿ ಬರುವ ಲೆಕ್ಕಗಳು ಸಣ್ಣ ಉದ್ದಿಮೆದಾರರ ಹಣ ಎಲ್ಲಿ ಸೋರುತ್ತದೆಯೋ ಅಲ್ಲಿಗೇ ಸಂಬಂಧಿಸಿದವು.

ಯಾವುದು ಪ್ರಾಜೆಕ್ಟ್, ಯಾವುದಲ್ಲ

ಪಿ.ಎಂ.ಪಿ. ಎಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್. ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಸಂಕ್ಷೇಪವಾಗಿ ಪಿ.ಎಂ.ಐ., 1984ರಿಂದ ಈ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲಿ ಈ ಸಂಸ್ಥೆಯ ಶಾಖೆಯೂ ಇದೆ.

ಅರ್ಜಿ ಸಲ್ಲಿಸಲು ಅನುಭವ ಬೇಕು. ನಾಲ್ಕು ವರ್ಷದ ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ ಉಳ್ಳವರು 36 ತಿಂಗಳು ಪ್ರಾಜೆಕ್ಟುಗಳನ್ನು ಮುನ್ನಡೆಸಿರಬೇಕು. ಪದವಿ ಇಲ್ಲದವರು 60 ತಿಂಗಳು. ಜೊತೆಗೆ 35 ಗಂಟೆಗಳ ತರಬೇತಿ ಪಡೆದಿರಬೇಕು. ಅನುಭವ ಇತ್ತೀಚಿನ ವರ್ಷಗಳದ್ದಾಗಿರಬೇಕು. ಇಪ್ಪತ್ತು ವರ್ಷದ ಹಿಂದಿನದು ನಡೆಯದು. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟುಗಳು ನಡೆದಿದ್ದರೂ ಅದು ಒಂದೇ ತಿಂಗಳೆಂದು ಗಣನೆಯಾಗುತ್ತದೆ.

ಸಣ್ಣ ಘಟಕಗಳ ಅಭ್ಯರ್ಥಿಗಳು ಎಡವುವುದು ಇಲ್ಲಿಯೇ. ಒಂದೇ ಖರೀದಿದಾರರಿಗೆ ತಿಂಗಳಿಗೆ ಹತ್ತು ಸಾವಿರ ಬುಷ್‌ಗಳನ್ನು ಮಾಡಿಕೊಡುವುದು ಪ್ರಾಜೆಕ್ಟ್ ಅಲ್ಲ. ಅದು ದಿನನಿತ್ಯದ ಉತ್ಪಾದನೆ. ಆದಿ ಅಂತ್ಯಗಳಿರುವ, ಹಿಂದೆ ಇಲ್ಲದಿದ್ದ ಫಲಿತಾಂಶವೊಂದನ್ನು ತರುವ ಕೆಲಸವೇ ಪ್ರಾಜೆಕ್ಟ್. ಹೊಸ ಅಚ್ಚು ತಯಾರಿಸುವುದು, ಹೊಸ ಶೆಡ್ ಕಟ್ಟುವುದು, ಕಾರ್ಖಾನೆಯನ್ನು ಬೇರೆಡೆಗೆ ಸಾಗಿಸುವುದು, ಗುಣಮಟ್ಟದ ಪ್ರಮಾಣೀಕರಣ ಪಡೆಯುವುದು, ಇವೆಲ್ಲ ಪ್ರಾಜೆಕ್ಟುಗಳು. ವರ್ತಕರಿಗೆ ಹೊಸ ಗೋದಾಮು ತೆರೆಯುವುದೂ ಪ್ರಾಜೆಕ್ಟೇ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದಾಗ ಪ್ರತಿ ಅಂಗಡಿಯೂ ತನ್ನ ಬಿಲ್ಲಿನ ಪದ್ಧತಿ, ದಾಸ್ತಾನಿನ ಲೆಕ್ಕ, ತಂತ್ರಾಂಶಗಳನ್ನು ಗೊತ್ತಾದ ದಿನದೊಳಗೆ ಬದಲಿಸಿಕೊಂಡದ್ದು ಅಪ್ಪಟ ಪ್ರಾಜೆಕ್ಟ್. ಹಾಗೆಂದು ಅಂದು ಯಾರೂ ಹೆಸರಿಡಲಿಲ್ಲ, ಅಷ್ಟೆ.

ಕೆಲವು ಅರ್ಜಿಗಳನ್ನು ಸಂಸ್ಥೆಯು ಪರಿಶೀಲನೆಗೆ ಆಯ್ದುಕೊಳ್ಳುತ್ತದೆ. ಆಗ ಅರ್ಜಿಯಲ್ಲಿ ಬರೆದ ಅನುಭವವನ್ನು ಬಲ್ಲವರ ಸಹಿಯನ್ನೂ ತರಬೇತಿಯ ದಾಖಲೆಯನ್ನೂ ಒದಗಿಸಬೇಕು. ಮನೆಮಂದಿಯೇ ನಡೆಸುವ ಘಟಕಗಳು ಖರೀದಿ ಆದೇಶ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ಯಂತ್ರ ಸ್ಥಾಪನೆಯ ವರದಿ ಮುಂತಾದವುಗಳ ಪ್ರತಿಗಳನ್ನು ಒಂದು ಕಡತದಲ್ಲಿ ಮೊದಲೇ ಕೂಡಿಟ್ಟುಕೊಂಡಿರುವುದು ಲೇಸು.

ಅನುಭವ ಸಾಲದ ಕಿರಿಯರಿಗೆ ಇದೇ ಸಂಸ್ಥೆಯ ಸಿ.ಎ.ಪಿ.ಎಂ. ಎಂಬ ಕೆಳಹಂತದ ಪರೀಕ್ಷೆಯಿದೆ. ಅದಕ್ಕೆ ಅನುಭವ ಬೇಕಿಲ್ಲ; 23 ಗಂಟೆಗಳ ತರಬೇತಿ ಸಾಕು. ಈಗಷ್ಟೆ ಡಿಪ್ಲೊಮಾ ಮುಗಿಸಿ ಬಂದ ಹುಡುಗನನ್ನು ನೇರವಾಗಿ ಪಿ.ಎಂ.ಪಿ.ಗೆ ಕಳುಹಿಸಲು ಹೊರಡುವ ಮಾಲೀಕರು ಇದನ್ನು ಗಮನಿಸಬೇಕು.

ಪರೀಕ್ಷೆಯ ಸ್ವರೂಪ

2021ರ ಜನವರಿಯಲ್ಲಿ ಜಾರಿಗೆ ಬಂದ ರೂಪದಲ್ಲಿ 180 ಪ್ರಶ್ನೆಗಳು, 230 ನಿಮಿಷಗಳು. ನಡುವೆ ಹತ್ತು ಹತ್ತು ನಿಮಿಷಗಳ ಎರಡು ವಿರಾಮ. ಜನ, ಕಾರ್ಯವಿಧಾನ, ವ್ಯವಹಾರ ಪರಿಸರ ಎಂಬ ಮೂರು ವಿಭಾಗಗಳಿಗೆ ಕ್ರಮವಾಗಿ ಶೇ. 42, ಶೇ. 50 ಮತ್ತು ಶೇ. 8ರ ಪಾಲು. 2026ರ ಜುಲೈ ತಿಂಗಳಿಗೆಂದು ಪ್ರಕಟವಾದ ಹೊಸ ರೂಪರೇಖೆಯಲ್ಲಿ ಈ ಪಾಲುಗಳು ಶೇ. 33, ಶೇ. 41 ಮತ್ತು ಶೇ. 26. ವ್ಯವಹಾರ ಪರಿಸರದ ತೂಕ ಮೂರು ಪಟ್ಟಿಗೂ ಮಿಕ್ಕಿ ಏರಿರುವುದು ವ್ಯಾಪಾರದ ಹಿನ್ನೆಲೆಯಿಂದ ಬಂದವರಿಗೆ ಅನುಕೂಲಕರವೆನ್ನಬಹುದು. ಕಾನೂನು ಪಾಲನೆ, ಲಾಭದ ಅಂದಾಜು, ಮಾರುಕಟ್ಟೆಯ ಏರಿಳಿತ ಇವರಿಗೆ ಹೊಸ ಸಂಗತಿಗಳಲ್ಲ. ಯಾವ ದಿನಾಂಕದ ಪರೀಕ್ಷೆಗೆ ಯಾವ ರೂಪರೇಖೆ ಅನ್ವಯಿಸುತ್ತದೆ ಎಂಬುದನ್ನು ನೋಡಿಕೊಂಡೇ ಶುಲ್ಕ ಕಟ್ಟಬೇಕು. ರೂಪರೇಖೆಯ ಪ್ರತಿಯನ್ನು ಸಂಸ್ಥೆ ಉಚಿತವಾಗಿ ಒದಗಿಸುತ್ತದೆ. ರಿಯಾಯಿತಿ ದರಕ್ಕೆ ಸಿಕ್ಕಿತೆಂದು ಹಳೆಯ ಪುಸ್ತಕ ಕೊಂಡು ಓದಿದವರು ಹಳೆಯ ಪರೀಕ್ಷೆಗೆ ಸಿದ್ಧರಾಗಿರುತ್ತಾರೆ.

180 ಪ್ರಶ್ನೆಗೆ 230 ನಿಮಿಷವೆಂದರೆ ಒಂದು ಪ್ರಶ್ನೆಗೆ ಸುಮಾರು 77 ಸೆಕೆಂಡು. ಕನ್ನಡದಲ್ಲಿ ಈ ಪರೀಕ್ಷೆ ಇಲ್ಲ. ಪ್ರಶ್ನೆಗಳು ನಾಲ್ಕೈದು ಸಾಲಿನ ಇಂಗ್ಲಿಷ್ ಸನ್ನಿವೇಶಗಳು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯ ಕಠಿಣವಲ್ಲ, ಓದಿನ ವೇಗ ಕಠಿಣ. ಅಂಥವರು ಮೊದಲ ತಿಂಗಳಿನಿಂದಲೇ ದಿನಕ್ಕೆ ಇಪ್ಪತ್ತು ಪ್ರಶ್ನೆಗಳನ್ನು ಗಡಿಯಾರವಿಟ್ಟು ಓದುವ ಅಭ್ಯಾಸ ಮಾಡುವುದು ಅವಶ್ಯ.

ಖರ್ಚಾದ ಹಣ, ಆದ ಕೆಲಸ

ಪರೀಕ್ಷೆಯ ಲೆಕ್ಕಗಳಲ್ಲಿ ಅತ್ಯಂತ ಉಪಯುಕ್ತವಾದುದು ಅರ್ನ್ಡ್ ವ್ಯಾಲ್ಯೂ, ಅಂದರೆ ಗಳಿಸಿದ ಮೌಲ್ಯ. 1960ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆಗಳ ಮೂಲಕ ಬೆಳೆದ ಪದ್ಧತಿಯಿದು. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು.

ಘಟಕವೊಂದು 40 ಲಕ್ಷ ರೂಪಾಯಿ ವೆಚ್ಚದಲ್ಲಿ 20 ವಾರಗಳೊಳಗೆ ಹೊಸ ಶೆಡ್ ಕಟ್ಟಿ ಯಂತ್ರ ಕೂರಿಸಲು ತೀರ್ಮಾನಿಸಿದೆ ಎನ್ನೋಣ. ಹತ್ತನೆಯ ವಾರದ ಕೊನೆಗೆ ಅರ್ಧ ಕೆಲಸ, ಅಂದರೆ 20 ಲಕ್ಷ ರೂಪಾಯಿ ಮೌಲ್ಯದ ಕೆಲಸ ಆಗಿರಬೇಕಿತ್ತು. ಲೆಕ್ಕದ ಪುಸ್ತಕ ತೆರೆದರೆ 18 ಲಕ್ಷ ಖರ್ಚು ಬಿದ್ದಿದೆ. ಮಾಲೀಕರು ಎರಡು ಲಕ್ಷ ಉಳಿಯಿತೆಂದು ನೆಮ್ಮದಿಪಡುತ್ತಾರೆ. ಆದರೆ ಸ್ಥಳಕ್ಕೆ ಹೋಗಿ ಅಳೆದು ನೋಡಿದಾಗ ಆಗಿರುವ ಕೆಲಸ ಶೇ. 40 ಮಾತ್ರ, ಅದರ ಮೌಲ್ಯ 16 ಲಕ್ಷ. 16 ಲಕ್ಷದ ಕೆಲಸಕ್ಕೆ 18 ಲಕ್ಷ ಹೋಗಿದೆ. ಉಳಿತಾಯವೆಂದು ಕಂಡದ್ದು ವಾಸ್ತವದಲ್ಲಿ ಎರಡು ಲಕ್ಷದ ಹೆಚ್ಚುವರಿ ಖರ್ಚು ಮತ್ತು ನಾಲ್ಕು ಲಕ್ಷ ಮೌಲ್ಯದ ಕೆಲಸದ ಹಿನ್ನಡೆ.

ಪರೀಕ್ಷೆಯ ಭಾಷೆಯಲ್ಲಿ 16ನ್ನು 18ರಿಂದ ಭಾಗಿಸಿದರೆ ಬರುವ 0.89 ವೆಚ್ಚದ ಸೂಚ್ಯಂಕ. 16ನ್ನು 20ರಿಂದ ಭಾಗಿಸಿದರೆ ಬರುವ 0.8 ಕಾಲದ ಸೂಚ್ಯಂಕ. ಇವೆರಡೂ ಒಂದಕ್ಕಿಂತ ಕಡಿಮೆಯಾದರೆ ಅಪಾಯ. ಇದೇ ರೀತಿ ಮುಂದುವರಿದಲ್ಲಿ ಕೊನೆಯ ಒಟ್ಟು ವೆಚ್ಚ 40 ಲಕ್ಷವನ್ನು ವೆಚ್ಚದ ಸೂಚ್ಯಂಕದಿಂದ ಭಾಗಿಸಿದಷ್ಟು, ಅಂದರೆ 45 ಲಕ್ಷ. ಹಾಗಲ್ಲ, 40 ಲಕ್ಷದಲ್ಲೇ ಮುಗಿಸುತ್ತೇವೆ ಎಂದು ಪಟ್ಟು ಹಿಡಿದರೆ ಉಳಿದ 24 ಲಕ್ಷದ ಕೆಲಸವನ್ನು ಉಳಿದ 22 ಲಕ್ಷದಲ್ಲಿ ಮಾಡಬೇಕು. ಅಂದರೆ ಇದುವರೆಗೆ ರೂಪಾಯಿಗೆ 89 ಪೈಸೆಯಷ್ಟು ಕೆಲಸ ತೆಗೆದ ತಂಡ ಇನ್ನು ಮುಂದೆ 109 ಪೈಸೆಯಷ್ಟು ತೆಗೆಯಬೇಕು. ಇದು ಸಾಧ್ಯವೇ ಎಂಬ ಪ್ರಶ್ನೆಯನ್ನು ಹತ್ತನೆಯ ವಾರದಲ್ಲಿ ಕೇಳುವುದಕ್ಕೂ ಇಪ್ಪತ್ತನೆಯ ವಾರದಲ್ಲಿ ಕೇಳುವುದಕ್ಕೂ ಬಹಳ ಅಂತರವಿದೆ. ಹತ್ತನೆಯ ವಾರದಲ್ಲಿ ಬ್ಯಾಂಕಿನೊಡನೆ ಮಾತನಾಡಲು ಅವಕಾಶವಿರುತ್ತದೆ.

ವಿಳಂಬದ ಬೆಲೆಯನ್ನೂ ನೋಡಬೇಕು. ಈ ಕೆಲಸಕ್ಕೆ ಪಡೆದ ಸಾಲ 30 ಲಕ್ಷ, ಬಡ್ಡಿ ವಾರ್ಷಿಕ ಶೇ. 12 ಎಂದಿಟ್ಟುಕೊಂಡರೆ, ಯಂತ್ರ ತಿರುಗದೆ ಕುಳಿತ ಪ್ರತಿ ತಿಂಗಳಿಗೂ 30,000 ರೂಪಾಯಿ. ಯಂತ್ರ ಬಳಕೆಗೆ ಬರುವವರೆಗಿನ ಬಡ್ಡಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಆ ವರ್ಷದ ವೆಚ್ಚವಾಗಿ ಕಳೆಯಲೂ ಬಾರದು. ಆಸ್ತಿಯ ಬೆಲೆಗೆ ಸೇರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸರಬರಾಜುದಾರರಿಗೆ ಕೊಟ್ಟ ಮುಂಗಡ ಆದ ಕೆಲಸವಲ್ಲ. ಯಂತ್ರಕ್ಕೆ ಆರು ಲಕ್ಷ ಮುಂಗಡ ಹೋಯಿತೆಂದು ಆರು ಲಕ್ಷದ ಕೆಲಸವಾಯಿತೆಂದು ಬರೆದುಕೊಂಡರೆ ಇಡೀ ಲೆಕ್ಕ ಸುಳ್ಳಾಗುತ್ತದೆ. ಅಭ್ಯರ್ಥಿಯು ಸೂತ್ರಗಳನ್ನು ಬಾಯಿಪಾಠ ಮಾಡುವ ಬದಲು ತನ್ನ ಘಟಕದಲ್ಲಿ ನಡೆಯುತ್ತಿರುವ ಒಂದು ಕೆಲಸವನ್ನೆತ್ತಿಕೊಂಡು ಪ್ರತಿ ಶನಿವಾರ ಈ ಮೂರು ಅಂಕಿಗಳನ್ನು ಬರೆಯತೊಡಗಲಿ. ಎಂಟು ವಾರಗಳಲ್ಲಿ ಸೂತ್ರ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ, ಮಾಲೀಕರ ಕೈಗೂ ಒಂದು ವರದಿ ಬರುತ್ತದೆ.

ಯಾವ ಕೆಲಸ ತಡೆದರೆ ಎಲ್ಲವೂ ತಡೆಯುತ್ತದೆ

ಮೇಲಿನ ಸೂಚ್ಯಂಕಕ್ಕೆ ಒಂದು ಮಿತಿಯಿದೆ. ಹಿಂದೆ ಬಿದ್ದ ಕೆಲಸ ಮುಖ್ಯವಾದುದೋ ಅಲ್ಲವೋ ಎಂಬುದನ್ನು ಅದು ಹೇಳದು. ಅದನ್ನು ಹೇಳುವುದು ಕ್ರಿಟಿಕಲ್ ಪಾತ್ ಪದ್ಧತಿ. ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳು 1957ರ ಸುಮಾರಿಗೆ ರಾಸಾಯನಿಕ ಕಾರ್ಖಾನೆಗಳ ನಿರ್ಮಾಣ ಮತ್ತು ದುರಸ್ತಿಗಾಗಿ ಇದನ್ನು ರೂಪಿಸಿದವು.

ಅದೇ ಶೆಡ್ಡನ್ನು ತೆಗೆದುಕೊಳ್ಳಬಹುದು. ಅಡಿಪಾಯ 4 ವಾರ, ಉಕ್ಕಿನ ಚೌಕಟ್ಟು 6, ಛಾವಣಿ 3. ಕಟ್ಟಡದ ಸಾಲು ಒಟ್ಟು 13 ವಾರ. ಯಂತ್ರದ ಆರ್ಡರ್ ಮತ್ತು ಬ್ಯಾಂಕಿನ ಎಲ್.ಸಿ. 2 ವಾರ, ಹಡಗಿನಲ್ಲಿ ಬಂದು ಸುಂಕ ತೀರುವಲ್ಲಿಗೆ 9, ಒಟ್ಟು 11. ಹೆಚ್ಚುವರಿ ವಿದ್ಯುತ್ತಿಗೆ ಅರ್ಜಿ ಮತ್ತು ಮಂಜೂರಾತಿ 7 ವಾರ, ಟ್ರಾನ್ಸ್‌ಫಾರ್ಮರ್ ತರಿಸಿ ಅಳವಡಿಸಲು 7, ತಪಾಸಣೆಗೆ 3, ಒಟ್ಟು 17. ಮೂರೂ ಮುಗಿದ ಮೇಲೆ ಯಂತ್ರ ಕೂರಿಸಿ ಪರೀಕ್ಷಾರ್ಥ ಓಡಿಸಲು 3 ವಾರ. ಹೀಗೆ ಇಡೀ ಪ್ರಾಜೆಕ್ಟಿನ ಅವಧಿ 20 ವಾರ. ಅದನ್ನು ನಿರ್ಧರಿಸುವುದು ವಿದ್ಯುತ್ತಿನ ಸಾಲು. ಕಟ್ಟಡದ ಸಾಲಿಗೆ 4 ವಾರಗಳ ಬಿಡುವಿದೆ, ಯಂತ್ರದ ಸಾಲಿಗೆ 6 ವಾರ.

ರೂಢಿಯಲ್ಲಿ ನಡೆಯುವುದೇನು? ಕಣ್ಣಿಗೆ ಕಾಣುವುದು ಕಟ್ಟಡ. ಮಾಲೀಕರು ದಿನವೂ ಗುತ್ತಿಗೆದಾರರನ್ನು ಅವಸರಪಡಿಸಿ, ಮೇಸ್ತ್ರಿಗೆ ಓವರ್‌ಟೈಮ್ ಕೊಟ್ಟು ಎರಡು ವಾರ ಉಳಿಸುತ್ತಾರೆ. ಆ ಹಣದಿಂದ ಪ್ರಾಜೆಕ್ಟ್ ಒಂದು ದಿನವೂ ಮುಂಚೆ ಮುಗಿಯುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಕಡತದಲ್ಲಿ ಒಂದು ನಕ್ಷೆ ಕಡಿಮೆಯಿದೆಯೆಂಬ ಸಂಗತಿ ಎಂಟನೆಯ ವಾರದಲ್ಲಿ ತಿಳಿದುಬರುತ್ತದೆ.

17 ವಾರವೆಂಬ ಅಂದಾಜು ಬಂದದ್ದು ಹೇಗೆ ಎಂಬುದೂ ಪರೀಕ್ಷೆಯ ಭಾಗವೇ. ಎಲ್ಲವೂ ಸುಗಮವಾದರೆ 12 ವಾರ, ಸಾಮಾನ್ಯವಾಗಿ 16, ತೊಡಕಾದರೆ 26. ಸಾಮಾನ್ಯ ಅಂದಾಜಿಗೆ ನಾಲ್ಕು ಪಟ್ಟು ತೂಕ ಕೊಟ್ಟು, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ 17. ಅಮೆರಿಕದ ನೌಕಾಪಡೆಯು ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮಕ್ಕಾಗಿ 1958ರಲ್ಲಿ ಬಳಕೆಗೆ ತಂದ ಪರ್ಟ್ ವಿಧಾನದ ಲೆಕ್ಕವಿದು. ತೊಡಕಿನ ಕಡೆ ಬಾಲ ಉದ್ದವಿದ್ದಾಗ ಸಾಮಾನ್ಯ ಅಂದಾಜನ್ನೇ ನಂಬಿ ಖರೀದಿದಾರರಿಗೆ ಮಾತು ಕೊಡಬಾರದು ಎಂಬುದು ಇದರ ತಾತ್ಪರ್ಯ.

ಉಳಿದ ಲೆಕ್ಕಗಳು ಸುಲಭ. ತಂಡದಲ್ಲಿ ಆರು ಮಂದಿಯಿದ್ದರೆ ಸಂಪರ್ಕದ ದಾರಿಗಳು 15, ಹತ್ತು ಮಂದಿಯಾದರೆ 45 ಎಂಬಂಥವು. ಒಂದು ಸಂಜೆಯಲ್ಲಿ ಮುಗಿಯುತ್ತವೆ.

‘ಮೊದಲು ಏನು ಮಾಡಬೇಕು?’

ಲೆಕ್ಕದ ಪ್ರಶ್ನೆಗಳು ಸಂಖ್ಯೆಯಲ್ಲಿ ಕಡಿಮೆ. ಹೆಚ್ಚಿನವು ಸನ್ನಿವೇಶ ಕೊಟ್ಟು, ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು ಎಂದು ಕೇಳುವಂಥವು. ವಿಚಿತ್ರವೆಂದರೆ ಇಲ್ಲಿ ಹೆಚ್ಚು ಅಂಕ ಕಳೆದುಕೊಳ್ಳುವವರು ಅನುಭವಿಗಳೇ. ಅವರು ಪ್ರಶ್ನೆಗೆ ಉತ್ತರಿಸುವುದಿಲ್ಲ, ತಮ್ಮ ಕಾರ್ಖಾನೆಯ ರೂಢಿಯನ್ನು ಬರೆಯುತ್ತಾರೆ.

ಉದಾಹರಣೆಗೆ, ಕೆಲಸ ಅರ್ಧವಾಗಿದ್ದಾಗ ಖರೀದಿದಾರರು ದೂರವಾಣಿ ಮಾಡಿ ನಕ್ಷೆಯ ಒಂದು ಅಳತೆಯನ್ನು ಬದಲಿಸಲು ಕೋರುತ್ತಾರೆ. ಒಪ್ಪಿಕೊಳ್ಳಬೇಕೇ, ಒಪ್ಪಂದದಲ್ಲಿಲ್ಲವೆಂದು ನಿರಾಕರಿಸಬೇಕೇ, ಮಾಲೀಕರಿಗೆ ತಿಳಿಸಬೇಕೇ, ಅಥವಾ ಕಾಲ, ವೆಚ್ಚ, ಗುಣಮಟ್ಟಗಳ ಮೇಲೆ ಅದರ ಪರಿಣಾಮವೇನೆಂದು ಅಳೆಯಬೇಕೇ? ಸಣ್ಣ ಘಟಕದ ಉತ್ತರ ‘ಆಗಲಿ ಸಾರ್, ಮಾಡಿಕೊಡೋಣ’ ಎಂಬುದು. ಪರೀಕ್ಷೆಯ ಉತ್ತರ ಪರಿಣಾಮವನ್ನು ಅಳೆಯುವುದು; ಆ ಬಳಿಕ ಬದಲಾವಣೆಯ ಕೋರಿಕೆಯನ್ನು ಲಿಖಿತವಾಗಿ ದಾಖಲಿಸಿ, ಅಧಿಕಾರವುಳ್ಳವರ ಒಪ್ಪಿಗೆ ಪಡೆದು ಜಾರಿಗೆ ತರುವುದು. ದೂರವಾಣಿಯಲ್ಲಿ ಒಪ್ಪಿಕೊಂಡ ಇಂಥ ಬದಲಾವಣೆಗಳಿಗೆ ತಗುಲಿದ ಹಣ ವರ್ಷಾಂತ್ಯದಲ್ಲಿ ‘ಇತರೆ ವೆಚ್ಚ’ಗಳ ತಲೆಬರಹದಡಿ ಸದ್ದಿಲ್ಲದೆ ಸೇರಿಕೊಂಡಿರುತ್ತದೆ, ಬಿಲ್ಲಿನಲ್ಲಿ ಮಾತ್ರ ಹಳೆಯ ದರವೇ.

ಇಬ್ಬರು ನೌಕರರ ನಡುವೆ ಜಗಳವಾದರೆ ಮೊದಲು ಅವರೊಡನೆ ಮಾತು, ಆಮೇಲೆ ಮೇಲಿನವರಿಗೆ ದೂರು. ಅಪಾಯವೊಂದು ಎದುರಾದರೆ ಮೊದಲು ಮುಂಚೆಯೇ ಬರೆದಿಟ್ಟ ಯೋಜನೆಯನ್ನು ತೆರೆದು ನೋಡುವುದು. ವಿಚಾರಿಸಿ, ಅಳೆದು, ಬಳಿಕ ಕ್ರಮ ಕೈಗೊಳ್ಳುವುದು ಈ ಪರೀಕ್ಷೆಯ ಸ್ವಭಾವ. ಜೀವಾಪಾಯದ ಸನ್ನಿವೇಶವಿದ್ದಲ್ಲಿ ಮಾತ್ರ ಕ್ರಮವೇ ಮೊದಲು.

2021ರ ರೂಪದಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಅಜೈಲ್ ಮತ್ತು ಮಿಶ್ರ ಪದ್ಧತಿಗಳಿಗೆ ಸಂಬಂಧಿಸಿದವು. ತಂತ್ರಾಂಶ ರಂಗದ 17 ಮಂದಿ 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿ ಸಿದ್ಧಪಡಿಸಿದ ಪ್ರಣಾಳಿಕೆಯಿಂದ ಈ ಹೆಸರು ರೂಢಿಗೆ ಬಂತು. ಕೆಲಸವನ್ನು ಸಣ್ಣ ಕಂತುಗಳಲ್ಲಿ ಮಾಡಿ, ಗ್ರಾಹಕರಿಗೆ ತೋರಿಸಿ, ತಿದ್ದಿಕೊಳ್ಳುತ್ತ ಮುಂದುವರಿಯುವುದು ಇದರ ತಿರುಳು. ಯಂತ್ರಭಾಗಗಳ ತಯಾರಕರು ಇದು ತಮ್ಮದಲ್ಲವೆಂದು ಅಂಜಬೇಕಿಲ್ಲ. ಅಜೈಲ್ ತಂಡಗಳು ಬಳಸುವ ಕಾನ್‌ಬಾನ್ ಫಲಕ ಟೊಯೊಟಾ ಕಾರ್ಖಾನೆಯಿಂದ ಹೊರಟದ್ದು. ವಾಹನ ಬಿಡಿಭಾಗ ಪೂರೈಸುವವರಿಗೆ ಆ ಕಾರ್ಡು ಚಿರಪರಿಚಿತ.

ಸಮಯ, ಪುಸ್ತಕ ಮತ್ತು ಶುಲ್ಕ

ವಾರಕ್ಕೆ ಎಂಟು ಗಂಟೆಯಂತೆ ನಾಲ್ಕು ತಿಂಗಳು ದುಡಿಯುವ ನೌಕರರಿಗೆ ಸಮಂಜಸವಾದ ಅವಧಿ. ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಇಟ್ಟುಕೊಳ್ಳುವುದು ಬೇಡ. ಆ ತಿಂಗಳು ಯಾವ ಘಟಕದಲ್ಲಿ ಯಾರಿಗೆ ಬಿಡುವಿದೆ? ಪಿ.ಎಂ.ಐ. ಪ್ರಕಟಿಸುವ ಪಿ.ಎಂ.ಬಾಕ್ ಮಾರ್ಗದರ್ಶಿ 2021ರ ಏಳನೆಯ ಆವೃತ್ತಿಯಲ್ಲಿ ಕಾರ್ಯವಿಧಾನಗಳ ವಿವರಕ್ಕಿಂತ ತತ್ತ್ವಗಳಿಗೆ ಒತ್ತು ಕೊಟ್ಟಿತು. ಆದಕಾರಣ ಅದೊಂದನ್ನೇ ಓದಿ ಪರೀಕ್ಷೆಗೆ ಕುಳಿತರೆ ಸಾಲದು. ಪೂರ್ಣಾವಧಿಯ ನಾಲ್ಕೈದು ಮಾದರಿ ಪರೀಕ್ಷೆಗಳನ್ನು ಬರೆಯಲೇಬೇಕು.

ಮಾದರಿ ಪರೀಕ್ಷೆಯಲ್ಲಿ ತಪ್ಪಾದ ಉತ್ತರಗಳಿಗೆ ಒಂದು ರಿಜಿಸ್ಟರ್ ಇಡುವುದು ಉತ್ತಮ. ವಿಷಯ ತಿಳಿಯದೆ ತಪ್ಪಿದ್ದು, ಪ್ರಶ್ನೆಯನ್ನು ಅವಸರದಲ್ಲಿ ಓದಿ ತಪ್ಪಿದ್ದು, ಕಾರ್ಖಾನೆಯ ರೂಢಿಯಂತೆ ಉತ್ತರಿಸಿ ತಪ್ಪಿದ್ದು ಎಂದು ಮೂರು ಕಲಂ ಸಾಕು. ಮೂರನೆಯ ಕಲಂ ಬರಿದಾಗುತ್ತ ಬಂದಂತೆ ಪರೀಕ್ಷೆಯ ದಿನಾಂಕ ಗೊತ್ತುಮಾಡಬಹುದು. ಆ ಕಲಮನ್ನು ಮಾಲೀಕರೂ ಒಮ್ಮೆ ಓದುವುದು ಲಾಭಕರ. ಸೋರಿಕೆಯಾದ ಪ್ರಶ್ನೆಗಳನ್ನು ಮಾರುವವರೂ ಉತ್ತೀರ್ಣತೆಯ ಖಾತರಿ ಕೊಡುವವರೂ ಇದ್ದಾರೆ. ಅವರ ಬಳಿ ಹೋದವರ ಪ್ರಮಾಣಪತ್ರವನ್ನು ಸಂಸ್ಥೆ ರದ್ದುಪಡಿಸಬಹುದು.

ಶುಲ್ಕವನ್ನು ಘಟಕವೇ ಭರಿಸುವುದಾದರೆ ತರಬೇತಿ ಸಂಸ್ಥೆಯ ಬಿಲ್ಲನ್ನು ಘಟಕದ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆಯೊಡನೆ ಪಡೆಯಬೇಕು. ಅಭ್ಯರ್ಥಿ ಮಾಲೀಕರ ಮಗನೋ ಮಗಳೋ ಆಗಿದ್ದಲ್ಲಿ, ಅವರು ಘಟಕದಲ್ಲಿ ಯಾವ ಹೊಣೆ ಹೊತ್ತಿದ್ದಾರೆ, ತರಬೇತಿಗೂ ವ್ಯವಹಾರಕ್ಕೂ ಏನು ಸಂಬಂಧ ಎಂಬುದಕ್ಕೆ ಕಾಗದ ಇರಬೇಕು. ಇಲ್ಲದಿದ್ದರೆ ಅದು ಮನೆಯ ಖರ್ಚೆಂದು ತೆರಿಗೆ ಅಧಿಕಾರಿಗಳು ಭಾವಿಸಲು ಎಡೆಯಾಗುತ್ತದೆ.

ನೌಕರ ಪ್ರಮಾಣಪತ್ರ ಪಡೆದು ಮರುತಿಂಗಳೇ ಬಿಟ್ಟುಹೋದರೆ ಎಂಬ ಆತಂಕ ಎಲ್ಲರದು. ನಿರ್ದಿಷ್ಟ ಅವಧಿಯವರೆಗೆ ಸೇವೆಯಲ್ಲಿರುವ ಕರಾರನ್ನು ಮಾಡಿಕೊಳ್ಳಲು ಅಡ್ಡಿಯಿಲ್ಲ. ಮೂರು ವರ್ಷಕ್ಕೆ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಿಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ ಅದು ಸಾರ್ವಜನಿಕ ರಂಗದ ಬ್ಯಾಂಕು. ಅಧಿಕಾರಿಯ ನೇಮಕಾತಿಗೆ ತಗುಲುವ ವೆಚ್ಚವನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತ್ತು. 1872ರ ಕರಾರು ಕಾಯಿದೆಯ 74ನೆಯ ಕಲಮಿನಂತೆ ದೊರೆಯುವುದು ಸಮಂಜಸವಾದ ಪರಿಹಾರ ಮಾತ್ರ. ಐವತ್ತು ಸಾವಿರ ಖರ್ಚು ಮಾಡಿ ಐದು ಲಕ್ಷ ಬರೆಸಿಕೊಂಡ ಕಾಗದ ನ್ಯಾಯಾಲಯದಲ್ಲಿ ನಿಲ್ಲುವ ಭರವಸೆಯಿಲ್ಲ. ತಗುಲಿದ ನಿಜವಾದ ವೆಚ್ಚವನ್ನು ನಮೂದಿಸಿ, ಕಳೆದ ತಿಂಗಳುಗಳಿಗೆ ತಕ್ಕಂತೆ ಅದು ಇಳಿಯುವ ಹಾಗೆ ಬರೆದ ಕರಾರು ಎರಡೂ ಪಕ್ಷಕ್ಕೆ ನ್ಯಾಯವಾದುದು.

ಪರೀಕ್ಷೆಯ ದಿನ

ಪರೀಕ್ಷೆಯನ್ನು ಮನೆಯಿಂದಲೇ ಗಣಕಯಂತ್ರದಲ್ಲಿ ಬರೆಯಬಹುದು, ಪಿಯರ್ಸನ್ ವ್ಯೂ ಕೇಂದ್ರಕ್ಕೆ ಹೋಗಿಯೂ ಬರೆಯಬಹುದು. ವಿದ್ಯುತ್ತು, ಅಂತರ್ಜಾಲಗಳ ಮೇಲೆ ಪೂರ್ಣ ಭರವಸೆಯಿಲ್ಲದ ಊರಿನವರು ಬೆಂಗಳೂರಿನ ಕೇಂದ್ರವನ್ನು ಆರಿಸಿಕೊಂಡು ಹಿಂದಿನ ರಾತ್ರಿಯೇ ತಲಪುವುದು ಕ್ಷೇಮ. 2021ರ ರೂಪದಲ್ಲಿ ವಿರಾಮಕ್ಕೆ ಎದ್ದ ಮೇಲೆ ಹಿಂದಿನ ಭಾಗದ ಪ್ರಶ್ನೆಗಳಿಗೆ ಮರಳಲಾಗದು. ಸಂಶಯವಿರುವ ಉತ್ತರಗಳನ್ನು ಏಳುವ ಮೊದಲೇ ತಿದ್ದಿಕೊಳ್ಳಬೇಕು. ಉತ್ತೀರ್ಣಕ್ಕೆ ಇಷ್ಟೇ ಅಂಕವೆಂದು ಸಂಸ್ಥೆ ಪ್ರಕಟಿಸುವುದಿಲ್ಲ. ಅನುತ್ತೀರ್ಣರಾದವರು ಅರ್ಜಿ ಅಂಗೀಕಾರವಾದ ಒಂದು ವರ್ಷದೊಳಗೆ ಒಟ್ಟು ಮೂರು ಬಾರಿ ಬರೆಯಬಹುದು, ಪ್ರತಿ ಬಾರಿಗೂ ಶುಲ್ಕವಿದೆ. ಉತ್ತೀರ್ಣರಾದವರು ಮೂರು ವರ್ಷಕ್ಕೊಮ್ಮೆ 60 ಗಂಟೆಗಳಷ್ಟು ಮುಂದುವರಿದ ಕಲಿಕೆಯನ್ನು ತೋರಿಸಿ ನವೀಕರಿಸಿಕೊಳ್ಳಬೇಕು.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅರ್ಜಿಯಲ್ಲಿನ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು. ಶಾಲೆಯ ದಾಖಲೆಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವುಗಳ ವಿಸ್ತರಣೆ, ಆಧಾರ್ ಚೀಟಿಯಲ್ಲಿ ಊರಿನ ಹೆಸರಿಲ್ಲ ಎಂಬ ಪರಿಸ್ಥಿತಿ ಇಲ್ಲಿ ಸಾಮಾನ್ಯ. ಕೇಂದ್ರದ ಬಾಗಿಲಲ್ಲಿ ಇದನ್ನು ಸರಿಪಡಿಸಲಾಗದು. ಆ ದಿನದ ಶುಲ್ಕವೂ ಹೋಗಬಹುದು. ಪಾಸ್‌ಪೋರ್ಟ್ ಇರುವವರು ಅದರಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಮೊದಲ ದಿನವೇ ಅರ್ಜಿಯಲ್ಲಿ ಬರೆಯತಕ್ಕದ್ದು.